ತ್ರಿಶಲಾಬಾಯಿ ಸಹಿ ಮಾಡಲಿಲ್ಲ

ಮಹಾರಾಷ್ಟ್ರದ ಗಡಿಯೂರು ಮ್ಹೈಸಾಳದ ಅಂಗನವಾಡಿಯಲ್ಲಿ ತ್ರಿಶಲಾಬಾಯಿ ಮಕ್ಕಳಿಗೆ ಕಲಿಸಲು ತೊಡಗಿ ಇಪ್ಪತ್ತೆರಡು ವರ್ಷವಾಯಿತು. ದಾಖಲೆಯೆಲ್ಲ ಮರಾಠಿ, ಅಳುವ ಮಗುವನ್ನು ರಮಿಸುವುದು ಮಾತ್ರ ಅದರ ಮನೆಮಾತಿನಲ್ಲಿ. ಇದಕ್ಕಾಗಿ ಮೇಲಿನವರಿಂದ ಬೈಸಿಕೊಂಡದ್ದುಂಟು, ಬಿಟ್ಟದ್ದಿಲ್ಲ.

ಹೋದ ವರ್ಷ ಸುಖದಾ ಎಂಬ ಹುಡುಗಿ ಬಂದಳು. ಮೂರು ತುಂಬಿದ್ದರೂ ತುಟಿ ಬಿಚ್ಚುತ್ತಿರಲಿಲ್ಲ. ತ್ರಿಶಲಾಬಾಯಿ ಮನೆಗೆ ಹೋಗಿ ವಿಚಾರಿಸಿದಾಗ ಅಜ್ಜಿ ಸುಂದರಾಬಾಯಿ ಕಣ್ಣೊರೆಸಿಕೊಂಡರು. ಅದಕ್ಕೂ ವರ್ಷದ ಮೊದಲು ಮಗು 'ಗುಬ್ಬಿ ಹೋತು' ಎನ್ನುವಷ್ಟು ಮಾತಾಡುತ್ತಿತ್ತಂತೆ. ಎರಡು ಭಾಷೆ ಕೂಡಿದರೆ ಮಗುವಿನ ತಲೆ ಕೆಡುತ್ತದೆಂದು ಕುಪವಾಡದ ಕಾರ್ಖಾನೆಯಲ್ಲಿ ಯಾರೋ ಅದರ ತಂದೆ ರಘುವೀರನಿಗೆ ಹೇಳಿದರು. ಅಂದಿನಿಂದ ಮನೆಯಲ್ಲಿ ಕನ್ನಡ ಬಂದ್. ಅಪ್ಪ ಅಮ್ಮ ಕೆಲಸಕ್ಕೆ ಹೋದರೆ ದಿನವಿಡೀ ಮಗುವಿನ ಜೊತೆಗಿದ್ದವರು ಅಜ್ಜಿಯೊಬ್ಬರೇ. ಮರಾಠಿಯಲ್ಲಿ ಸಂತೆ ಮಾಡಬಲ್ಲ, ಮುದ್ದು ಮಾಡಲಾರದ ಅಜ್ಜಿ ಸುಮ್ಮನಾಗಿಬಿಟ್ಟರು.

ತ್ರಿಶಲಾಬಾಯಿ ಮೊದಲು ಮಗುವನ್ನು ಮಿರಜಿನ ಆಸ್ಪತ್ರೆಗೆ ಕರೆದೊಯ್ದು ಕಿವಿ ತೋರಿಸಿದರು. ಕಿವಿ ಚೆನ್ನಾಗಿತ್ತು. ಆಮೇಲೆ ರಘುವೀರನನ್ನು ಹಿಡಿದು ಕೂರಿಸಿದರು.

"ನಿಮ್ಮವ್ವನ ಬಾಯಿ ಮುಚ್ಚಿಸಿ, ಮಗಳಿಗಿ ಮಾತಾಡು ಅಂದ್ರ ಹೆಂಗ ಮಾತಾಡ್ತಾಳ?"

"ಮುಂದ ಶಾಳಾ ಮರಾಠಿ ಐತಲ್ರಿ, ಬಾಯಿ."

"ಅದನ್ನ ನಾ ಕಲಸ್ತೇನಿ. ಮೊದಲ ಅಜ್ಜಿಗಿ ಮಾತಾಡಾಕ ಬಿಡು."

ರಘುವೀರ ಅರೆಮನಸ್ಸಿನಿಂದ ಒಪ್ಪಿದ.

ಮೂರು ತಿಂಗಳ ನಂತರ ಮೇಲ್ವಿಚಾರಕಿ ತಪಾಸಣೆಗೆ ಬಂದರು. ಮಿರಜಿನವರು, ಕನ್ನಡ ತಿಳಿಯುತ್ತಿತ್ತು. ಆದರೂ ಚಿತ್ರ ತೋರಿಸಿ ಮರಾಠಿಯಲ್ಲೇ ಕೇಳಿದರು. ಸುಖದಾ ನೆಲ ನೋಡಿದಳು. ಅವರು 'ಮಂದಬುದ್ಧಿ' ಎಂದು ಬರೆದು ಹಾಳೆಯನ್ನು ತ್ರಿಶಲಾಬಾಯಿಯ ಸಹಿಗೆ ಚಾಚಿದರು.

"ನಾ ಸಹಿ ಮಾಡಂಗಿಲ್ರಿ," ಎಂದರು ತ್ರಿಶಲಾಬಾಯಿ. ಮಗುವಿನತ್ತ ತಿರುಗಿ, "ನಿನ್ನಿ ನಿಮ್ಮ ಎಮ್ಮಿ ಏನ ಮಾಡ್ತು, ಹೇಳವಾ," ಎಂದರು.

ಸುಖದಾ ತಲೆಯೆತ್ತಿದಳು. "ಹಗ್ಗ ಹರಕೊಂಡ ಹೊಳಿಗಿ ಹೋತು. ಅಜ್ಜಿ ಬಡಿಗಿ ತೊಗೊಂಡ ಹೋದ್ಲು. ಎಮ್ಮಿ ಬರಲೇ ಇಲ್ಲ. ಹಿಂಡಿ ತೋರಿಸಿದ ಮ್ಯಾಲ ಬಂತು."

"ನಿನ್ನೀದು ನೆನಪಿಟ್ಟಾಳ. ಮೊದಲ ಏನಾತು, ಆಮ್ಯಾಲ ಏನಾತು, ಬಿಡದ ಹೇಳ್ಯಾಳ. ಈ ಬುದ್ಧಿಗಿ ಏನ ಕಡಿಮಿ ಐತ್ರಿ?"

ಮೇಲ್ವಿಚಾರಕಿ ಸಹಿಯಿಲ್ಲದ ಹಾಳೆಯನ್ನೇ ಚೀಲಕ್ಕೆ ಸೇರಿಸಿ ಹೊರಟರು. ವಾರದಲ್ಲಿ, ಸಹಿ ಮಾಡದೆ ಆದೇಶ ಮೀರಿದ್ದೇಕೆಂದು ನೋಟಿಸು ಬಂತು. ತ್ರಿಶಲಾಬಾಯಿ ಶುದ್ಧ ಮರಾಠಿಯಲ್ಲಿ ಎರಡು ಪುಟ ಉತ್ತರ ಬರೆದರು; ಮಗುವನ್ನು ಮನೆಮಾತಿನಲ್ಲೇ ಮತ್ತೊಮ್ಮೆ ಪರೀಕ್ಷಿಸಬೇಕೆಂದು ಪಟ್ಟು ಹಿಡಿದರು. ಕೊನೆಗೆ ಬೇರೆಯವರು ಬಂದು ಪರೀಕ್ಷಿಸಿ, ಆ ಪದವನ್ನು ಹೊಡೆದುಹಾಕಿದರು.

ಸುಖದಾ ಈಗ ಗೆಳತಿಯರೊಂದಿಗೆ ಮರಾಠಿಯಲ್ಲಿ ಜಗಳ ಶುರು ಮಾಡುತ್ತಾಳೆ, ಸಿಟ್ಟು ಏರಿದರೆ ಕನ್ನಡಕ್ಕೆ ಬರುತ್ತಾಳೆ. ನೋಟಿಸನ್ನು ಮಾತ್ರ ಯಾರೂ ಹಿಂದಕ್ಕೆ ಪಡೆದಿಲ್ಲ.

"ಇರ್ಲಿ ಬಿಡ್ರಿ," ಎನ್ನುತ್ತಾರೆ ತ್ರಿಶಲಾಬಾಯಿ. "ಇನ್ನೊಂದ ಕಳಸಿದ್ರ ನಾಕ ಪುಟ ಬರೀತೇನಿ."