ಡಿಸೆಂಬರಿನಲ್ಲೇ ಮುಗಿದ ಕಿವಿ

ನಾನು ದಿನಾ ಹೋಗುವ ಕಾಫಿ ಅಂಗಡಿಯಲ್ಲಿ ಕಾಫಿ ಚೆನ್ನಾಗಿಲ್ಲ. ಇದು ದೂರಲ್ಲ. ಅಲ್ಲಿಗೆ ಹೋಗುವುದಕ್ಕೆ ಅದೇ ಕಾರಣ. ಕಾಫಿ ಚೆನ್ನಾಗಿದ್ದಿದ್ದರೆ ಜನ ತುಂಬಿಕೊಳ್ಳುತ್ತಿದ್ದರು, ಎರಡನೆಯ ಲೋಟ ಕೇಳುತ್ತಿದ್ದರು, ನನಗೆ ಮೂಲೆಯ ಮೇಜು ಮೂರು ಗಂಟೆ ಹೊತ್ತು ಸಿಗುತ್ತಿರಲಿಲ್ಲ. ಮೈಸೂರಿನವಳಾದ ನಾನು ಮನೆಯಲ್ಲೇ ಡಿಕಾಕ್ಷನ್ ಇಳಿಸಿ ಕುಡಿದು, ಆಮೇಲೆ ಕಾಫಿ ಅಂಗಡಿಗೆ ಹೊರಡುತ್ತೇನೆ. ಗಂಡನಿಗೆ ಇದು ಇನ್ನೂ ಅರ್ಥವಾಗಿಲ್ಲ. ಇಲ್ಲಿನ ಸಂಶೋಧನಾ ಸಂಸ್ಥೆಯಲ್ಲಿ ಇದಕ್ಕಿಂತ ಕಷ್ಟದ ವಿಷಯಗಳೆಲ್ಲ ಅವರಿಗೆ ಅರ್ಥವಾಗುತ್ತವಂತೆ.

ಅವರ ಕೆಲಸಕ್ಕೆಂದು ಕೊಲ್ಕತ್ತಾದ ಬಾರಾನಗರಕ್ಕೆ ಬಂದು ಆರು ವರ್ಷವಾಯಿತು. ನನ್ನ ಕೆಲಸ ಎಲ್ಲಿದ್ದರೂ ಅದೇ. ಬೆಂಗಳೂರಿನ ಪ್ರಕಾಶಕರೊಬ್ಬರ ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆದು ಕಳಿಸುತ್ತೇನೆ. ಪ್ರಾಣಿಗಳು ಮಾತ್ರ. ಮನುಷ್ಯರಿರುವ ಪುಸ್ತಕವನ್ನು ಅವರು ನನಗೆ ಕೊಡುವುದಿಲ್ಲ, ಕೊಟ್ಟರೂ ನಾನು ಒಪ್ಪುವುದಿಲ್ಲ. ಹನ್ನೆರಡನೆಯ ವಯಸ್ಸಿನಲ್ಲಿ ಒಂದು ಮದುವೆಮನೆಯಲ್ಲಿ ಸೋದರತ್ತೆಯ ಚಿತ್ರ ಬರೆದಿದ್ದೆ. ನೋಡಿದವರೆಲ್ಲ "ಥೇಟ್ ಅವರೇ" ಎಂದರು. ಅದೇ ಎಡವಟ್ಟಾಯಿತು. ಅತ್ತೆ ಎರಡು ವರ್ಷ ನಮ್ಮ ಮನೆಯ ಮೆಟ್ಟಿಲು ಹತ್ತಲಿಲ್ಲ. ಅಂದಿನಿಂದ ಆನೆ, ಅಳಿಲು, ಏಡಿ. ಇವರ್ಯಾರೂ ಮುನಿಸಿಕೊಳ್ಳುವುದಿಲ್ಲ.

ಹೋದ ವರ್ಷ ದುರ್ಗಾಪೂಜೆಯ ಗಲಾಟೆ ಮುಗಿದ ಮೇಲೆ ಕೈಗೆ ಬಂದದ್ದು ಒಂದು ಆಮೆಯ ಕತೆ. ಇಪ್ಪತ್ನಾಲ್ಕು ಪುಟ. ಆಮೆ ಒಂದು ಕೊಳದಿಂದ ಇನ್ನೊಂದು ಕೊಳಕ್ಕೆ ಹೋಗುತ್ತದೆ, ಅಷ್ಟೇ. ಒಂದು ತಿಂಗಳಲ್ಲಿ ಮುಗಿಸುತ್ತೇನೆ ಎಂದು ಮಾತು ಕೊಟ್ಟೆ. ಆಮೆಯೇ ನನಗಿಂತ ಬೇಗ ತಲುಪುತ್ತಿತ್ತು.

ಮೈಸೂರಿನಲ್ಲಿ ಅಣ್ಣನ ಮನೆಯಲ್ಲಿರುವ ಅಮ್ಮ ದಿನಾ ಸಂಜೆ ಏಳಕ್ಕೆ ಫೋನ್ ಮಾಡುತ್ತಾಳೆ. ಊಟ, ಹವೆ, ಅಳಿಯಂದಿರ ಕೆಮ್ಮು, ಎಲ್ಲ ವಿಚಾರಿಸಿ ಕೊನೆಗೆ ಕೇಳುತ್ತಾಳೆ.

"ಆಮೆ ಮುಗೀತೇನೇ?"

"ಇಲ್ಲಮ್ಮ."

"ಎಲ್ಲಿಗ್ ಬಂತು?"

"ಮುಗಿದ್ರೆ ನಾನೇ ಹೇಳ್ತೀನಿ. ದಿನಾ ಕೇಳ್ಬೇಡ."

ಮಾರನೆಯ ದಿನ ಏಳಕ್ಕೆ ಮತ್ತೆ ಅದೇ ಪ್ರಶ್ನೆ. ನನಗೆ ಸಿಟ್ಟು ಬರುತ್ತಿತ್ತು. ಬರುತ್ತಿತ್ತು ಏನು, ತೋರಿಸುತ್ತಲೂ ಇದ್ದೆ.

ಅಂಗಡಿಯಲ್ಲಿ ನನ್ನ ಎದುರಿಗೆ, ಎರಡು ಮೇಜು ಬಿಟ್ಟು ಕಿಟಕಿಯ ಪಕ್ಕ ಒಬ್ಬ ಹಿರಿಯರು ಕೂರುತ್ತಿದ್ದರು. ಎಪ್ಪತ್ತರ ಹತ್ತಿರದ ವಯಸ್ಸು. ತಲೆ ತುಂಬ ಬಿಳಿ ಕೂದಲು, ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ್ದು. ಖಿದಿರ್‌ಪುರದ ಹಡಗುಕಟ್ಟೆಯಲ್ಲಿ ಸರಕು ಇಳಿಯುವುದನ್ನು ನಿಂತು ನೋಡುವ ಕೆಲಸ ಮಾಡಿ ನಿವೃತ್ತರಾದವರು ಎಂದು ಆಮೇಲೆ ತಿಳಿಯಿತು. ಅವರ ಕಡೆಗೆ ನಾನು ಬಹಳ ಹೊತ್ತು ನೋಡುತ್ತಿದ್ದುದು ನಿಜ. ಯೋಚನೆ ಮಾಡುವಾಗ ನನ್ನ ಕಣ್ಣು ಎಲ್ಲಾದರೂ ಒಂದು ಕಡೆ ನಿಲ್ಲಬೇಕು. ಅದು ಅವರ ಹಿಂದಿದ್ದ ಕಿಟಕಿಯ ಮೇಲೆ ನಿಲ್ಲುತ್ತಿತ್ತು. ಆಮೇಲೆ ತಲೆ ತಗ್ಗಿಸಿ ಆಮೆಯ ಒಂದು ಗೆರೆ ಎಳೆಯುತ್ತಿದ್ದೆ, ಮತ್ತೆ ಕಿಟಕಿ ನೋಡುತ್ತಿದ್ದೆ.

ನವೆಂಬರಿನಲ್ಲಿ ಕೆಲವು ಬದಲಾವಣೆಗಳನ್ನು ಗಮನಿಸಿದೆ. ಹಿರಿಯರು ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿಕೊಂಡು, ನನಗೆ ಮುಖದ ಒಂದೇ ಪಕ್ಕ ಕಾಣುವ ಹಾಗೆ ಕೂರತೊಡಗಿದರು. ಕೊಲ್ಕತ್ತಾದಲ್ಲಿ ಒಂದು ಎಳೆ ತಂಗಾಳಿ ಬಂದರೆ ಸಾಕು, ಊರಿಗೆ ಊರೇ ಮಂಕಿ ಕ್ಯಾಪ್ ಏರಿಸುತ್ತದೆ. ಇವರು ಒಳಗೆ ಬಂದ ಕೂಡಲೇ ಕ್ಯಾಪ್ ತೆಗೆದು, ಜೇಬಿನಿಂದ ಬಾಚಣಿಗೆ ತೆಗೆದು, ಕೂದಲು ಸರಿಮಾಡಿಕೊಂಡು ಕೂರುತ್ತಿದ್ದರು. ನಾಲ್ಕು ಗಂಟೆಗೆ ತಪ್ಪದೆ ಎರಡು ಸಮೋಸ ತಿನ್ನುತ್ತಿದ್ದವರು ಆ ಹೊತ್ತಿಗೆ ತಿನ್ನುವುದನ್ನು ನಿಲ್ಲಿಸಿದರು. ನಾನು ಪೆನ್ಸಿಲ್ ಕೆಳಗಿಟ್ಟ ಮೇಲೆಯೇ ಅವರ ಸಮೋಸ ಬರುತ್ತಿತ್ತು. ವಯಸ್ಸಾದವರಿಗೆ ನಾನಾ ಪಥ್ಯವಿರುತ್ತದೆ ಎಂದುಕೊಂಡು ಸುಮ್ಮನಿದ್ದೆ.

ವಿಷಯ ಹೇಳಿದವರು ಅಂಗಡಿಯ ಹಳೆಯ ಬೇರರ್. ಡಿಸೆಂಬರಿನ ಮೊದಲ ವಾರ ಲೋಟ ಇಡುತ್ತ, ಕಿಟಕಿಯ ಪಕ್ಕದ ಹಿರಿಯರ ಕಡೆ ಕಣ್ಣು ತೋರಿಸಿ ಕೇಳಿದರು.

"ದಾದಾನ ಚಿತ್ರ ಎಲ್ಲೀವರೆಗೆ ಬಂತು ಮ್ಯಾಡಮ್? ಬೀದಿಗೆಲ್ಲ ಹೇಳ್ಕೊಂಡು ಬಂದಿದಾರೆ."

ಪೆನ್ಸಿಲ್ಲಿನ ಮೊನೆ ಮುರಿಯಿತು. ಪುಸ್ತಕ ಮುಚ್ಚಿಬಿಟ್ಟೆ. ಎದ್ದು ಹೋಗಿ "ದಾದಾ, ನಾನು ಬರೀತಿರೋದು ಆಮೆ" ಎನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಅರ್ಧ ನಿಮಿಷ. ಆದರೆ ತಿಂಗಳಿನಿಂದ ಉಸಿರು ಬಿಗಿಹಿಡಿದು, ಸಮೋಸ ಬಿಟ್ಟು ಕೂತವರಿಗೆ ಆ ಮಾತು ಹೇಗೆ ಹೇಳುವುದು? ನಾಳೆ ಹೇಳೋಣ ಎಂದುಕೊಂಡೆ. ನಾಳೆ ಎನ್ನುವುದು ನನಗೆ ಬಹಳ ಅನುಕೂಲದ ದಿನ.

ನಾಳೆ ಅವರೇ ನನ್ನ ಮೇಜಿಗೆ ಬಂದರು. ಕೂರಲಿಲ್ಲ. ಹಿಂದಿ, ಬಂಗಾಳಿ ಎರಡನ್ನೂ ಬೆರೆಸಿ, ನನಗೆ ಅರ್ಥವಾಗಲಿ ಎಂದು ನಿಧಾನವಾಗಿ ಮಾತಾಡಿದರು.

"ತೋರಿಸಿ ಅಂತ ಕೇಳಲ್ಲ ಮ್ಯಾಡಮ್. ಕಲಾವಿದರಿಗೆ ಅದು ಇಷ್ಟ ಆಗಲ್ಲ, ಗೊತ್ತು. ಆದ್ರೆ ನಮ್ಮಮ್ಮನಿಗೆ ತೊಂಬತ್ತೊಂದು. ಹಾಸಿಗೆ ಹಿಡಿದಿದಾರೆ. ಒಂದೇ ಕಣ್ಣು ಕಾಣ್ಸುತ್ತೆ. ದಿನಾ ಸಂಜೆ ಮನೆಗೆ ಹೋದ ತಕ್ಷಣ ಕೇಳ್ತಾರೆ, ಎಲ್ಲೀವರೆಗೆ ಬಂತು, ಮುಗೀತಾ ಅಂತ. ಹಣೆ ಆಯ್ತು ಅಂದಿದೀನಿ. ಮೂಗು ಆಯ್ತು ಅಂದಿದೀನಿ. ನಿನ್ನೆ ಕಿವಿ ಆಯ್ತು ಅಂದೆ. ಇನ್ನು ಎಷ್ಟು ದಿನ ಬೇಕಾಗ್ಬೋದು?"

"ಒಂದು ವಾರ" ಎಂದೆ.

ಇಂಥ ಸುಳ್ಳು ನನ್ನ ಬಾಯಿಂದ ಇಷ್ಟು ಸಲೀಸಾಗಿ ಬಂದದ್ದು ನನಗೇ ಹೊಸದು. ಅವರು ತಲೆಯಾಡಿಸಿ ತಮ್ಮ ಕುರ್ಚಿಗೆ ಹೋಗಿ, ಬಾಚಣಿಗೆ ತೆಗೆದು, ಪಕ್ಕಕ್ಕೆ ತಿರುಗಿ ಕೂತರು.

ಆ ವಾರ ಪ್ರಯತ್ನಪಟ್ಟೆ. ಅವರ ಎದುರಿಗೆ ಬರೆದೆ, ಮನೆಯಲ್ಲಿ ನೆನಪಿನಿಂದ ಬರೆದೆ, ಅಡುಗೆಮನೆಯಲ್ಲಿ ಕುಕ್ಕರ್ ಕೂಗುವುದನ್ನು ಕಾಯುತ್ತ ಬರೆದೆ. ಮೂಗು ಎಳೆಯುವವರೆಗೆ ಕೈ ಸರಿಯಾಗಿರುತ್ತಿತ್ತು. ಬಾಯಿಗೆ ಬಂದಾಗ ಸೋದರತ್ತೆ ನೆನಪಾಗುತ್ತಿದ್ದಳು. ಒಂದನ್ನೂ ಮುಗಿಸದೆ ಹರಿದೆ. ಇದು ಕೈಗೆ ಬಾರದ್ದೇನಲ್ಲ, ಹೆದರಿಕೆ. ನಲವತ್ತೆರಡು ವರ್ಷದ ಹೆಂಗಸು ಒಬ್ಬ ಮುದುಕರ ತುಟಿಗೆ ಹೆದರಿದಳು ಎಂದು ಯಾರಿಗೆ ಹೇಳಲಿ? ಗಂಡನಿಗೆ ಹೇಳಿದೆ. "ಒಂದು ಫೋಟೋ ತೆಗೆದುಕೊಡು" ಎಂದರು. ಅವತ್ತು ಅವರಿಗೆ ಸಪ್ಪೆ ಸಾರು ಬಡಿಸಿದೆ.

ವಾರ ಕಳೆದ ಮೇಲೆ ಅಂಗಡಿ ಬದಲಿಸಿದೆ. ಇನ್ನೊಂದು ದಿಕ್ಕಿನ ಮಾಲ್‌ನಲ್ಲಿ, ಲೋಟದ ಮೇಲೆ ಹೆಸರು ಬರೆದುಕೊಡುವ ಕಾಫಿ ಅಂಗಡಿ. ಕಾಫಿ ಚೆನ್ನಾಗಿತ್ತು. ಜನ ತುಂಬಿದ್ದರು. ಒಬ್ಬರೂ ಎರಡು ನಿಮಿಷ ಅಲ್ಲಾಡದೆ ಕೂರುತ್ತಿರಲಿಲ್ಲ. ಅಲ್ಲಿ ಕೂತು ಆಮೆಯ ಚಿಪ್ಪಿಗೆ ಬಣ್ಣ ತುಂಬುತ್ತ ಒಂದು ತಿಂಗಳು ಕಳೆದೆ. ಎದುರಿನ ಗಾಜಿನಲ್ಲಿ ಸಂಜೆಯಾಗುವುದು ಕಂಡಾಗೆಲ್ಲ, ಈಗ ಆ ಮನೆಯಲ್ಲಿ ಆ ತಾಯಿ ಕೇಳುತ್ತಿರುತ್ತಾರೆ ಎಂದು ನೆನಪಾಗುತ್ತಿತ್ತು. ಇವರು ಏನು ಉತ್ತರ ಕೊಡುತ್ತಿದ್ದರೋ. ಕಿವಿಯ ಆಚೆಗೆ ಹೇಳುವುದಕ್ಕೆ ಅವರ ಹತ್ತಿರ ಎಷ್ಟು ಮುಖ ಉಳಿದಿತ್ತು?

ಜನವರಿಯ ಕೊನೆಗೆ, ಒಂದು ಬುಧವಾರ, ಹಳೆಯ ಅಂಗಡಿಗೆ ವಾಪಸಾದೆ. ಹೇಳಿಬಿಡುವುದೇ ಎಂದು ಗಟ್ಟಿ ಮನಸ್ಸು ಮಾಡಿಕೊಂಡು ಹೋಗಿದ್ದೆ. ಕಿಟಕಿಯ ಕುರ್ಚಿ ಖಾಲಿ ಇತ್ತು. ಬೇರರ್‌ನನ್ನು ಕೇಳಿದೆ.

"ಅವ್ರ ತಾಯಿ ಹೋಗ್ಬಿಟ್ರು ಮ್ಯಾಡಮ್. ಭಾನುವಾರ."

ಲೋಟ ಇಟ್ಟು ಒಳಗೆ ಹೋದರು. ನಾನು ಕಾಫಿ ಕುಡಿದೆ. ಕುಡಿಯದೇ ಬಿಟ್ಟು ಏಳಬಹುದಿತ್ತು, ಆದರೆ ಅದು ತಣ್ಣಗಾಗುವವರೆಗೂ ಕೂತು, ಪೂರ್ತಿ ಕುಡಿದೆ.

ಶನಿವಾರ ದಾದಾ ಬಂದರು. ಗುರುತು ಸಿಗುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಇಲ್ಲಿ ತಾಯಿ ತಂದೆ ಹೋದಾಗ ಮಗ ಸೂತಕ ಕಳೆಯುವವರೆಗೆ ಹೊಲಿಗೆಯಿಲ್ಲದ ಬಿಳಿ ಬಟ್ಟೆ ಉಡುತ್ತಾನೆ. ಚಪ್ಪಲಿ ಇಲ್ಲ, ಕ್ಷೌರ ಇಲ್ಲ, ತಲೆ ಬಾಚುವ ಹಾಗಿಲ್ಲ. ಕುತ್ತಿಗೆಯಲ್ಲಿ ಬಟ್ಟೆಯ ಎಳೆಗೆ ಕಟ್ಟಿದ ಒಂದು ಕಬ್ಬಿಣದ ಬೀಗದ ಕೈ. ಎಲ್ಲಿಗೆ ಹೋದರೂ ತನ್ನದೇ ಕಂಬಳಿ ಚಾಪೆ ಒಯ್ದು ಅದರ ಮೇಲೆಯೇ ಕೂರಬೇಕು. ಅವರು ಬರಿಗಾಲಲ್ಲಿ ಮೆಟ್ಟಿಲು ಹತ್ತಿ ಬಂದು, ಕಂಕುಳಲ್ಲಿದ್ದ ಚಾಪೆಯನ್ನು ಕಿಟಕಿಯ ಪಕ್ಕದ ಕುರ್ಚಿಯ ಮೇಲೆ ಹಾಸಿ, ಪಕ್ಕಕ್ಕೆ ತಿರುಗಿ ಕೂತರು. ಬೇರರ್ ನೀರೂ ತರಲಿಲ್ಲ. ಸೂತಕದವರು ಹೊರಗೆ ಏನೂ ಮುಟ್ಟುವ ಹಾಗಿಲ್ಲ ಎಂದು ಅವರಿಗೆ ಗೊತ್ತಿತ್ತು.

ನಾನು ಹತ್ತಿರ ಹೋದೆ.

"ಇವತ್ತು ಮುಗಿಸ್ಬಿಡಿ ಮ್ಯಾಡಮ್" ಎಂದರು. "ಇನ್ನು ನಾಲ್ಕು ದಿನಕ್ಕೆ ಗಂಗೆಯ ಘಾಟಿನಲ್ಲಿ ತಲೆ ಬೋಳಿಸ್ತಾರೆ. ಕೂದಲು ಇರಲ್ಲ. ಕೂದಲು ಆಯ್ತು ಅಂತ ನಾನು ಇನ್ನೂ ಅಮ್ಮನಿಗೆ ಹೇಳಿರಲಿಲ್ಲ."

ನನ್ನ ಪುಸ್ತಕವನ್ನು ಅವರ ಮುಂದಿಟ್ಟೆ. ಅವರು ಕನ್ನಡಕ ಏರಿಸಿ ಒಂದೊಂದೇ ಹಾಳೆ ತಿರುವಿದರು. ಆಮೆ. ಆಮೆ. ಆಮೆ ಮತ್ತು ಏಡಿ. ಕಲ್ಲು ಹತ್ತುವ ಆಮೆ. ಕಲ್ಲಿನಿಂದ ಬಿದ್ದ ಆಮೆ. ನಾನು ನಿಂತೇ ಇದ್ದೆ.

"ನಾನು ನಿಮ್ಮನ್ನ ಬರೀತಾನೇ ಇರಲಿಲ್ಲ ದಾದಾ. ಹೇಳೋಕೆ ಧೈರ್ಯ ಬರಲಿಲ್ಲ. ತಪ್ಪಾಯ್ತು" ಎಂದೆ.

ಅವರು ಕೊನೆಯ ಪುಟದವರೆಗೆ ನೋಡಿದರು. ಮತ್ತೆ ಹಿಂದಕ್ಕೆ ತಿರುವಿ, ಕೊಳದ ದಂಡೆಯಲ್ಲಿ ತಲೆ ಚಾಚಿ ನಿಂತ ಆಮೆಯ ಮೇಲೆ ಬೆರಳಿಟ್ಟರು. ಇನ್ನೊಂದು ಕೈಯನ್ನು ತಮ್ಮ ಗಂಟಲಿನ ಕೆಳಗೆ ಇಟ್ಟುಕೊಂಡರು.

"ಈ ಕತ್ತು ನನ್ನದೇ."

ನೋಡಿದೆ. ಹೌದು. ಅಡ್ಡಕ್ಕೆ ಮೂರು ನೆರಿಗೆ, ಗದ್ದದ ಕೆಳಗೆ ಒಂದು ಸಡಿಲ ಮಡಿಕೆ, ಎಡಗಡೆ ಒಂದು ಸಣ್ಣ ನರಹುಲಿ. ಆಮೆಗೆ ನರಹುಲಿ ಯಾಕೆ ಬರೆದಿದ್ದೆನೋ ದೇವರಿಗೇ ಗೊತ್ತು. ಮೂವತ್ತು ಆಮೆಗಳಿಗೂ ಬರೆದಿದ್ದೆ. ಕಿಟಕಿಯನ್ನಷ್ಟೇ ನೋಡುತ್ತಿದ್ದೇನೆ ಎಂದುಕೊಂಡಿದ್ದೆ.

"ಹಾಗಾದ್ರೆ ಅಮ್ಮನಿಗೆ ಹೇಳಿದ್ದು ಪೂರ್ತಿ ಸುಳ್ಳಲ್ಲ" ಎಂದರು. "ಕತ್ತು ಆಗಿದೆ. ಇನ್ನು ಮೇಲಿಂದಷ್ಟೇ. ಕೂತ್ಕೊಳ್ಳಿ."

ಕೂತೆ. ಈ ಸಲ ಎರಡು ಮೇಜು ದೂರದಿಂದಲ್ಲ, ಎದುರಿಗೇ. ಗಡ್ಡ ಬಂದಿತ್ತು. ಕೂದಲು ಎಣ್ಣೆ ಕಾಣದೆ ನಾಲ್ಕೂ ದಿಕ್ಕಿಗೆ ಎದ್ದಿತ್ತು. "ಕೂದಲು ಮೊದಲಿನ ಹಾಗೆ ಬಾಚಿದಂತೆ ಬರೀಲಾ?" ಎಂದು ಕೇಳಿದೆ. "ಬಾಚುವ ಹಾಗಿಲ್ಲ" ಎಂದರು. ಇದ್ದ ಹಾಗೆ ಬರೆದೆ. ಬಾಯಿಗೆ ಬಂದಾಗ ಕೈ ನಿಂತಿತು. ಅವರ ತುಟಿ ಅದುರುತ್ತಿತ್ತು. ಹಡಗುಕಟ್ಟೆಯಲ್ಲಿ ಗಂಟೆಗಟ್ಟಲೆ ನಿಂತು ಪಳಗಿದ ಆ ಮನುಷ್ಯ ಉಳಿದದ್ದನ್ನೆಲ್ಲ ಬಿಗಿಹಿಡಿದಿದ್ದರು, ಅದೊಂದು ಹಿಡಿತಕ್ಕೆ ಸಿಗುತ್ತಿರಲಿಲ್ಲ. ಅದು ನಿಲ್ಲಲಿ ಎಂದು ನಾನು ಕಾಯಲಿಲ್ಲ, ಬರೆದುಬಿಟ್ಟೆ. ಎಲ್ಲ ಸೇರಿ ನಲವತ್ತು ನಿಮಿಷ ಆಗಿರಬೇಕು. ನಲವತ್ತು ನಿಮಿಷದ ಕೆಲಸಕ್ಕೆ ಅವರು ತಿಂಗಳುಗಟ್ಟಲೆ ಕೂತಿದ್ದರು, ಒಬ್ಬರು ಮನೆಯಲ್ಲಿ ಕಾದಿದ್ದರು.

ಹಾಳೆ ಕೈಗೆ ಕೊಟ್ಟೆ. ಒಂದು ಕಣ್ಣು ಮುಚ್ಚಿ ಒಂದೇ ಕಣ್ಣಿನಿಂದ ನೋಡಿದರು. ಯಾಕೆಂದು ಆಗ ತಿಳಿಯಲಿಲ್ಲ, ಮನೆಗೆ ನಡೆಯುವಾಗ ಹೊಳೆಯಿತು.

"ಮುಗೀತಾ?"

"ಮುಗೀತು ದಾದಾ."

"ಕಿವಿ ಡಿಸೆಂಬರಿನಲ್ಲೇ ಮುಗಿದಿತ್ತು" ಎಂದು ತಮಗೇ ಹೇಳಿಕೊಂಡರು. ಎದ್ದು ಚಾಪೆ ಎತ್ತಿಕೊಂಡರು, ಹಾಳೆಯನ್ನು ಅದರೊಳಗೆ ಸುಕ್ಕಾಗದ ಹಾಗೆ ಸುರುಳಿ ಸುತ್ತಿದರು. ಎರಡು ಹೆಜ್ಜೆ ಹೋಗಿ ತಿರುಗಿ, ಬೆಹಾಲಾಕ್ಕೆ ಯಾವ ಬಸ್ಸು ಎಂದು ವಿಚಾರಿಸುವವರ ಹಾಗೆ ಕೇಳಿದರು.

"ಮುಗೀತು ಅಂತ ಈಗ ಯಾರಿಗೆ ಹೇಳೋದು ಮ್ಯಾಡಮ್?"

ಉತ್ತರಕ್ಕೆ ಅವರು ಕಾಯಲಿಲ್ಲ. ಬರಿಗಾಲು ಮೆಟ್ಟಿಲಿಳಿಯುವುದು ಕೇಳಿಸಲೂ ಇಲ್ಲ.

ಮನೆಗೆ ಬಂದಾಗ ಆರೂವರೆ. ಏಳಾಗಲಿ ಎಂದು ಕೂತೆ, ಕೂರಲಾಗಲಿಲ್ಲ. ನಾನೇ ಫೋನ್ ಮಾಡಿದೆ. ಮೊದಲ ರಿಂಗಿಗೇ ಅಮ್ಮ ಎತ್ತಿದಳು.

"ಯಾಕೇ, ಏನಾಯ್ತು? ಹುಷಾರಾಗಿದೀಯ ತಾನೇ? ಅವ್ರು ಚೆನ್ನಾಗಿದಾರಾ?"

"ಎಲ್ಲ ಚೆನ್ನಾಗಿದೀವಮ್ಮ. ಒಂದು ಚಿತ್ರ ಮುಗೀತು. ಅದಕ್ಕೇ ಮಾಡ್ದೆ."

"ಆಮೆನಾ?"

"ಅಲ್ಲ. ಒಬ್ಬ ಮನುಷ್ಯರದು."

ಅಮ್ಮ ಟಿವಿ ಆರಿಸಿದ್ದು ಕೇಳಿಸಿತು.

"ಕೋಪ ಮಾಡ್ಕೊಂಡ್ರೇನೇ?"

"ಇಲ್ಲಮ್ಮ" ಎಂದೆ. ಆಮೇಲೆ ಅತ್ತುಬಿಟ್ಟೆ. ಅಮ್ಮ ಕಾರಣ ಕೇಳಲಿಲ್ಲ. ಅಳು ನಿಂತ ಮೇಲೆ, ಆಮೆ ಎಲ್ಲಿಗೆ ಬಂತು ಎಂದು ಕೇಳಿದಳು. ಕೊಳದ ದಂಡೆಗೆ ಬಂದಿದೆ ಎಂದೆ. ಕಾಲು ಆಯಿತು, ಚಿಪ್ಪು ಆಯಿತು, ಕತ್ತು ಆಯಿತು ಎಂದು ಒಂದೊಂದಾಗಿ ಎಲ್ಲ ಹೇಳಿದೆ.