ಬ್ರಿಂಜಲ್ ಎಂದವರು ಫೇಲಾದ ಪರೀಕ್ಷೆ

2023ರ ಜೂನ್ ತಿಂಗಳು. ಮೂಡುಬಿದಿರೆ ಸಮೀಪ ಪುತ್ತಿಗೆಯ ಕಡೆ ಒಂದು ಪ್ರೌಢಶಾಲೆಯಲ್ಲಿ ಮೂವತ್ತೊಂದು ವರ್ಷ ಇಂಗ್ಲಿಷ್ ಕಲಿಸಿ ನಾನು ನಿವೃತ್ತಳಾಗಿ ಒಂದು ವರ್ಷ ಕಳೆದಿತ್ತು. ಮಂಗಳೂರಿನ ತರಬೇತಿ ಸಂಸ್ಥೆಯೊಂದರ ಸಂಯೋಜಕ ಪ್ರಶಾಂತ ಎಂಬವರು ಫೋನು ಮಾಡಿ, ಬಂಟ್ವಾಳದಲ್ಲಿ ನಲವತ್ತು ದಿನಗಳ ಒಂದು ತರಗತಿ ತೆಗೆದುಕೊಳ್ಳುತ್ತೀರಾ ಎಂದು ಕೇಳಿದರು. ಹನ್ನೆರಡು ಮಂದಿ ಹೆಂಗಸರು. ವಿಷಯ, ಆಹಾರ ಮತ್ತು ದಿನಸಿ ಸಾಮಾನುಗಳ ಇಂಗ್ಲಿಷ್ ಹೆಸರು. ಕೊನೆಗೊಂದು ಪರೀಕ್ಷೆ; ಪಾಸಾದವರಿಗೆ ಒಂದು ಕಂಪೆನಿಯ ಗೋದಾಮಿನಲ್ಲಿ ಸಾಮಾನು ಆರಿಸಿ ಕಟ್ಟುವ ಕೆಲಸ. ಬದನೆ, ಬೆಂಡೆಯ ಹೆಸರು ಕಲಿಸುವುದಕ್ಕೆ ಯೋಚಿಸುವುದೇನಿದೆ ಎಂದುಕೊಂಡೆ. ಒಪ್ಪಿದೆ.

ಸಂಸ್ಥೆಯವರು ಕೊಟ್ಟ ಚಿತ್ರದ ಕಾರ್ಡುಗಳನ್ನು ನಾನು ಮೊದಲ ದಿನವೇ ಬದಿಗಿಟ್ಟೆ. ಅವುಗಳಲ್ಲಿದ್ದ ಅರ್ಧ ತರಕಾರಿಗಳನ್ನು ನಾನೇ ಕಂಡಿರಲಿಲ್ಲ. ಬದಲಿಗೆ ಬಂಟ್ವಾಳ ಪೇಟೆಯಿಂದ ನಿತ್ಯ ಒಂದು ಚೀಲ ತುಂಬಿಸಿಕೊಂಡು ಹೋಗುತ್ತಿದ್ದೆ. ಮುಟ್ಟಿ, ಮೂಸಿ, ಹೆಸರು ಹೇಳಿ, ಬರೆಯಬೇಕು. ಹೊಳೆಯ ನೀರು ರಸ್ತೆಗೆ ಬಂದು ನಾಲ್ಕು ದಿನ ತರಗತಿ ನಿಂತಿತು. ಉಳಿದಂತೆ ಪಾಠ ಚೆನ್ನಾಗಿಯೇ ಸಾಗಿತು, ಅಥವಾ ಹಾಗೆಂದು ನಾನು ತಿಳಿದಿದ್ದೆ.

ಇಬ್ಬರ ಬಗ್ಗೆ ಹೇಳಬೇಕು. ಬಂಟ್ವಾಳದವಳೇ ಆದ ಜುಬೈದಾಳ ಗಂಡ ಸೌದಿಯಲ್ಲಿ ಅಂಗಡಿಯೊಂದರಲ್ಲಿದ್ದ. ಇಬ್ಬರು ಮಕ್ಕಳು, ಚುರುಕು ನಾಲಗೆ. ಇನ್ನೊಬ್ಬಳು ಜಯಂತಿ, ಅಳದಂಗಡಿಯವಳು. ಮನೆಯಲ್ಲಿ ಬೀಡಿ ಕಟ್ಟುತ್ತಿದ್ದಳು. ಗುರುವಾಯನಕೆರೆಯಲ್ಲಿ ಬಸ್ಸು ಬದಲಿಸಿ ಬಂದರೂ ಒಂದು ದಿನವೂ ತಡ ಮಾಡಿದವಳಲ್ಲ. ಹತ್ತನೇ ತರಗತಿಯ ಇಂಗ್ಲಿಷಿನಲ್ಲಿ ಎರಡು ಸಲ ಫೇಲಾಗಿದ್ದಳು. ಮೊದಲ ವಾರ ಬಾಯಿಯೇ ತೆರೆಯದಿದ್ದ ಅವಳು ಮೂರನೇ ವಾರ ಎದ್ದು ನಿಂತು, ನನ್ನ ಚೀಲದಿಂದ ಒಂದೊಂದೇ ತೆಗೆದು ಹದಿನಾಲ್ಕು ಹೆಸರುಗಳನ್ನು ತಡೆಯಿಲ್ಲದೆ ಹೇಳಿದಳು. ಉಳಿದವರು ಚಪ್ಪಾಳೆ ತಟ್ಟಿದಾಗ ಸೆರಗಿನಿಂದ ಮುಖ ಒರೆಸಿಕೊಂಡಳು.

ಆ ದಿನಗಳಲ್ಲೇ ಒಮ್ಮೆ ಜುಬೈದಾ ಕೇಳಿದಳು: “ಟೀಚರ್, ನಮ್ಮವರು ಫೋನಿನಲ್ಲಿ ಬದನೆಗೆ ಎಗ್‌ಪ್ಲಾಂಟ್ ಅಂತ ಹೇಳ್ತಾರೆ. ಅದು ಕೂಡ ಬರೀಬೇಕಾ?”

“ಅದು ಅಮೆರಿಕದವರ ಮಾತು. ನಮಗೆ ಬ್ರಿಂಜಲ್ ಸಾಕು. ಎರಡೆರಡು ಕಲಿತು ಗೊಂದಲ ಮಾಡಿಕೊಳ್ಳಬೇಡ,” ಎಂದೆ. ಸ್ವಲ್ಪ ಗದರಿಯೇ ಹೇಳಿರಬೇಕು. ಅವಳು ಮತ್ತೆ ಕೇಳಲಿಲ್ಲ.

ಪರೀಕ್ಷೆ ಟ್ಯಾಬ್ಲೆಟ್ ಮೇಲೆ ನಡೆಯಿತು. ಪರದೆಯಲ್ಲಿ ಚಿತ್ರ ಬರುತ್ತದೆ, ಅಭ್ಯರ್ಥಿ ಮೈಕಿನಲ್ಲಿ ಹೆಸರು ಹೇಳಬೇಕು, ಯಂತ್ರವೇ ಸರಿ ತಪ್ಪು ನೋಡಿ ಅಂಕ ಹಾಕುತ್ತದೆ. ನಲವತ್ತು ಚಿತ್ರ, ಪಾಸಾಗಲು ಇಪ್ಪತ್ತೆಂಟು ಸರಿಯಾಗಬೇಕು. ಒಳಗೆ ನನಗೆ ಪ್ರವೇಶವಿರಲಿಲ್ಲ. ಹೊರಬಂದವರೆಲ್ಲ ನಗುತ್ತಿದ್ದರು. “ಎಲ್ಲ ಗೊತ್ತಿದ್ದದ್ದೇ ಬಂತು ಟೀಚರ್,” ಎಂದಳು ಜಯಂತಿ.

ಸಂಜೆ ಸಂಸ್ಥೆಯವರು ಹನ್ನೆರಡೂ ಹೆಸರು, ಅಂಕಗಳನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕಿದರು. ಒಂಬತ್ತು ಮಂದಿ ಫೇಲ್. ಜುಬೈದಾಳಿಗೆ ಇಪ್ಪತ್ತೇಳು. ಜಯಂತಿಗೆ ಇಪ್ಪತ್ತೆರಡು.

ನನಗೆ ನಂಬಲಾಗಲಿಲ್ಲ. ಉತ್ತರಗಳ ಪ್ರತಿ ಬೇಕೆಂದು ಪ್ರಶಾಂತರಿಗೆ ಫೋನು ಮಾಡಿದೆ. ನಾಳೆ ಎಂದರು, ಸೋಮವಾರ ಎಂದರು, ಕೊನೆಗೆ ಫೋನು ಎತ್ತುವುದನ್ನೇ ಬಿಟ್ಟರು. ಎಂಟನೇ ದಿನ ನಾನೇ ಬಸ್ಸು ಹತ್ತಿ ಮಂಗಳೂರಿನ ಕಚೇರಿಗೆ ಹೋಗಿ ಕುಳಿತೆ. ಯಂತ್ರ ಅಕ್ಷರಕ್ಕಿಳಿಸಿದ ಉತ್ತರಗಳ ಅಚ್ಚುಪ್ರತಿ ಸಿಕ್ಕಿತು. ಕೆಂಪು ಪೆನ್ನು ಹಿಡಿದು ಜಯಂತಿಯ ಹಾಳೆ ನೋಡತೊಡಗಿದೆ. ಬ್ರಿಂಜಲ್ ಎಂದದ್ದು ತಪ್ಪು. ಕೀ ಉತ್ತರ ಎಗ್‌ಪ್ಲಾಂಟ್. ಲೇಡೀಸ್ ಫಿಂಗರ್ ತಪ್ಪು, ಓಕ್ರಾ ಆಗಬೇಕಿತ್ತು. ಕ್ಯಾಪ್ಸಿಕಂ ತಪ್ಪು, ಬೆಲ್ ಪೆಪ್ಪರ್ ಸರಿ. ಮೊಸರಿಗೆ ಕರ್ಡ್, ನೆಲಗಡಲೆಗೆ ಗ್ರೌಂಡ್‌ನಟ್, ಸಿಗಡಿಗೆ ಪ್ರಾನ್ಸ್, ಎಲ್ಲಕ್ಕೂ ಕಾಟು. ಅವಳ ಹದಿನೆಂಟು ತಪ್ಪುಗಳಲ್ಲಿ ಹನ್ನೊಂದು ತಪ್ಪುಗಳೇ ಅಲ್ಲ. ನಿಜವಾದ ಅಂಕ ಮೂವತ್ತಮೂರು.

“ಬ್ರಿಂಜಲ್ ಅಂದ್ರೆ ಬದನೆ ಅಲ್ವಾ? ನೀವು ಮನೆಯಲ್ಲಿ ಎಂತ ಹೇಳ್ತೀರಿ?” ಎಂದು ಪ್ರಶಾಂತರ ಮೇಜಿನ ಮುಂದೆ ನಿಂತು ಕೇಳಿದೆ. ನನ್ನ ದನಿ ಏರಿತ್ತು.

“ನಾವು ಗುಳ್ಳ ಅಂತ ಹೇಳುದು ಮೇಡಂ,” ಎಂದರು ಅವರು. ನಮ್ಮ ಕಡೆಯ ಉರುಟು ಬದನೆಯ ಹೆಸರದು; ತಮಾಷೆಗಲ್ಲ, ನಿಜವಾಗಿಯೇ ಹೇಳಿದ್ದು. ಮತ್ತೆ ನಿಧಾನವಾಗಿ ವಿವರಿಸಿದರು: “ಕೀ ಉತ್ತರ ಕಂಪೆನಿಯವರದ್ದು. ಅವರು ಬಂದರಿಗೆ ಬರುವ ಹಡಗುಗಳಿಗೆ ಸಾಮಾನು ಕೊಡುವವರು. ಹಡಗಿನ ಅಡುಗೆಯವರು ಕಳಿಸುವ ಪಟ್ಟಿಯಲ್ಲಿ ಇದೇ ಹೆಸರುಗಳು ಇರುದು. ಬ್ರಿಂಜಲ್ ಅಂತ ಯಾರೂ ಬರೆಯುದಿಲ್ಲ.”

“ಇದನ್ನು ನನಗೆ ಯಾಕೆ ಮೊದಲೇ ಹೇಳಲಿಲ್ಲ?”

“ನೀವು ಕೇಳಲಿಲ್ಲ ಅಲ್ವಾ ಮೇಡಂ? ಕಾರ್ಡಿನ ಹಿಂದೆ ಎಲ್ಲ ಹೆಸರೂ ಉಂಟು.”

ಮನೆಗೆ ಬಂದು ಬದಿಗಿಟ್ಟಿದ್ದ ಕಾರ್ಡುಗಳನ್ನು ತಿರುವಿ ನೋಡಿದೆ. ಇತ್ತು. ಆವತ್ತು ಬಂದ ಸಿಟ್ಟು ಯಾರ ಮೇಲೆ ಎಂದು ನನಗೇ ಸ್ಪಷ್ಟವಿರಲಿಲ್ಲ. ಕೆಲಸ ಯಾವುದು, ಪಟ್ಟಿ ಯಾರದು ಎಂದು ಒಂದು ಸಾಲು ಬರೆದು ಕಳಿಸದ ಸಂಸ್ಥೆಯವರ ಮೇಲೆ ಇತ್ತು. ಕೀಯಲ್ಲಿ ಎರಡು ಹೆಸರಿಗೆ ಜಾಗ ಕೊಡದ ಯಂತ್ರದ ಮೇಲೂ ಇತ್ತು. ಜುಬೈದಾಳ ಬಾಯಿ ಮುಚ್ಚಿಸಿದ ನನ್ನ ಮೇಲೆ ಎಲ್ಲಕ್ಕಿಂತ ಹೆಚ್ಚು.

ಫೇಲಾದವರಿಗೆ ಹದಿನೈದು ದಿನದ ಬಳಿಕ ಮರುಪರೀಕ್ಷೆ ಎಂದು ಸಂಸ್ಥೆಯವರು ತಿಳಿಸಿದರು. ಒಂಬತ್ತೂ ಮಂದಿಗೆ ಫೋನು ಮಾಡಿ, ದಿನಾ ಮಧ್ಯಾಹ್ನ ಬನ್ನಿ ಎಂದೆ. ಎಂಟು ಮಂದಿ ಬಂದರು. ನಾನು ನಡೆದದ್ದನ್ನು ಹೇಳಿದಾಗ ಮೊದಲು ಮಾತಾಡಿದವಳು ಜುಬೈದಾ.

“ಬದನೆ ಚಿತ್ರ ಬಂದಾಗ ನನಗೆ ಎಗ್‌ಪ್ಲಾಂಟ್ ಅಂತ ಬಾಯಿಗೆ ಬಂದಿತ್ತು ಟೀಚರ್. ನೀವು ಬೇಡ ಅಂದಿದ್ರಿ ಅಲ್ವಾ, ಹಾಗೆ ಬ್ರಿಂಜಲ್ ಅಂದೆ.”

ಒಂದೇ ಅಂಕದಲ್ಲಿ ಫೇಲಾದವಳು ಅವಳು. ಅವಳು ಬೈದಿದ್ದರೆ ನನಗೆ ಹಗುರವಾಗುತ್ತಿತ್ತೇನೋ.

ಜಯಂತಿ ಬಂದಿರಲಿಲ್ಲ, ಫೋನೂ ಎತ್ತಲಿಲ್ಲ. ಒಂದು ಭಾನುವಾರ ಅವಳ ಉತ್ತರದ ಹಾಳೆ ಹಿಡಿದುಕೊಂಡು ಅಳದಂಗಡಿಗೆ ಹೋದೆ. ಜಗಲಿಯಲ್ಲಿ ಮೊರ ತೊಡೆಯ ಮೇಲಿಟ್ಟು ಬೀಡಿ ಕಟ್ಟುತ್ತಿದ್ದಳು. ನನ್ನನ್ನು ಕಂಡು ಗಾಬರಿಯಾಗಿ ಎದ್ದಳು, ಬೆಲ್ಲ ನೀರು ತಂದಳು. ಗುಂಪಿಗೆ ಬಂದ ಅಂಕಪಟ್ಟಿಯನ್ನು ಅವಳ ಮೈದುನ ಊಟದ ಹೊತ್ತಿನಲ್ಲಿ ಎಲ್ಲರೆದುರು ಓದಿ ಹೇಳಿದ್ದನಂತೆ.

“ನಿನಗೆ ಇಪ್ಪತ್ತೆರಡಲ್ಲ, ಮೂವತ್ತಮೂರು. ನೋಡು, ಈ ಹನ್ನೊಂದು ಉತ್ತರ ಸರಿ ಉಂಟು. ನಾನು ಕಲಿಸಿದ್ದರಲ್ಲಿ ತಪ್ಪಾದದ್ದು,” ಎಂದೆ.

ಅವಳು ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ಪೂರ್ತಿ ಓದಿದಳು. ಇಂಗ್ಲಿಷನ್ನು ಬೆರಳಿಡದೆ ಓದುತ್ತಿದ್ದಾಳೆ ಎಂಬುದನ್ನು ನಾನು ಗಮನಿಸಿದೆ.

“ತಪ್ಪು ನಿಮ್ಮದಾದ್ರೆ ಫೇಲ್ ಅಂತ ನನ್ನ ಹೆಸರಿನ ಎದುರು ಯಾಕೆ ಬರೆದದ್ದು ಟೀಚರ್?”

ಇನ್ನೊಮ್ಮೆ ಬರೆಯುವ, ನಾನು ಜೊತೆಗಿರ್ತೇನೆ ಎಂದು ಬಹಳ ಹೇಳಿದೆ. ಅವಳು ಬೇಡವೆಂದು ತಲೆಯಾಡಿಸಿದಳು. “ಮೂರು ಸಲ ಆಯ್ತು. ಇನ್ನು ಮನೆಯವರ ಹತ್ತಿರ ಬಸ್ಸಿಗೆ ಕೇಳಲಿಕ್ಕೆ ನನಗೆ ಮುಖ ಇಲ್ಲ.”

ಮರುಪರೀಕ್ಷೆಯಲ್ಲಿ ಎಂಟರಲ್ಲಿ ಏಳು ಮಂದಿ ಪಾಸಾದರು. ಜುಬೈದಾಳಿಗೆ ಮೂವತ್ತೇಳು. ಅಷ್ಟರಲ್ಲಿ ಗೋದಾಮಿನ ಹೆಚ್ಚಿನ ಜಾಗಗಳು ಬೇರೆಯವರಿಂದ ತುಂಬಿದ್ದವು. ಜುಬೈದಾ ಮತ್ತು ಇನ್ನೊಬ್ಬಳಿಗೆ ಮಾತ್ರ ಕೆಲಸವಾಯಿತು. ಉಳಿದ ಐವರು ಪ್ರಮಾಣಪತ್ರ ಹಿಡಿದು ಮನೆಗೆ ಹೋದರು. ಜಯಂತಿಯ ಅಂಕ ತಿದ್ದಬೇಕೆಂದು ನಾನು ಸಂಸ್ಥೆಗೆ ಮೂರು ಪತ್ರ ಬರೆದೆ. “ಪರಿಶೀಲನೆಯಲ್ಲಿದೆ” ಎಂಬ ಒಂದು ಉತ್ತರ ಬಂತು, ಮತ್ತೇನೂ ಬರಲಿಲ್ಲ. ಅವರ ದಾಖಲೆಯಲ್ಲಿ ಅವಳು ಇಂದಿಗೂ ಫೇಲ್.

ಈಗ ಯಾರಾದರೂ ಪಾಠಕ್ಕೆ ಕರೆದರೆ, ಕಲಿತವರು ಈ ಮಾತನ್ನು ಯಾರೊಡನೆ ಆಡಬೇಕು, ಪರೀಕ್ಷಿಸುವವರು ಯಾರು ಎಂದು ಮೊದಲು ಕೇಳುತ್ತೇನೆ. ಕಲಿಯುವವರು ಇನ್ನೊಂದು ಹೆಸರು ಹೇಳಿದರೆ ಅದನ್ನೂ ಬೋರ್ಡಿನ ಮೇಲೆ ಬರೆಯುತ್ತೇನೆ. ಆದರೆ ಮೂವತ್ತೊಂದು ವರ್ಷ ನಾನೂ ಕೀ ಉತ್ತರ ಎದುರಿಗಿಟ್ಟುಕೊಂಡೇ ಪತ್ರಿಕೆ ತಿದ್ದಿದವಳು. ಅದರಲ್ಲಿಲ್ಲದ ಸರಿಯುತ್ತರಗಳಿಗೆ ಎಷ್ಟು ಮಕ್ಕಳ ಹಾಳೆಯಲ್ಲಿ ಕಾಟು ಹಾಕಿದ್ದೇನೋ, ಅವರಲ್ಲಿ ಯಾರೆಲ್ಲ ಮತ್ತೆ ಬಸ್ಸು ಹತ್ತಲಿಲ್ಲವೋ, ನನಗೆ ಗೊತ್ತಿಲ್ಲ. ಅವರ ಮನೆಗಳಿಗೆ ನಾನು ಹೋಗಿ ನೋಡಿಯೇ ಇಲ್ಲ.