ನೂಲು ನೋಡುವ ಶಿರೀಷಾ

ಶಿರೀಷಾ ಹೇಡಿ. ಗಂಡ ತೀರಿದ ಮೇಲೆ ಮಗಳನ್ನು ಶಿಡ್ಲಘಟ್ಟದ ಅಕ್ಕನ ಮನೆಯಲ್ಲಿ ಬಿಟ್ಟು, ರಾಮನಗರದ ವ್ಯಾಪಾರಿಯೊಬ್ಬರಲ್ಲಿ ರೇಷ್ಮೆ ನೂಲಿನ ದರ್ಜೆ ನೋಡುವ ಕೆಲಸಕ್ಕೆ ಸೇರಿದ್ದಳು. ಮಗಳ ಊರಿನಲ್ಲೇ ಕೆಲಸ ಹುಡುಕಬೇಕೆಂದು ಗೂಡಿನಿಂದ ನೂಲು ತೆಗೆಯುವ ಯಾವ ಫಿಲೇಚರಿನಲ್ಲಿ ಯಾರನ್ನು ಕೇಳಬೇಕು ಎಂಬುದನ್ನೆಲ್ಲ ಮೂರು ವರ್ಷದಿಂದ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದಳು. ಒಬ್ಬರನ್ನೂ ಕೇಳಿರಲಿಲ್ಲ. ನೂಲಿನವರೆಲ್ಲ ಒಬ್ಬರಿಗೊಬ್ಬರು ನೆಂಟರು. ಬೆಳಿಗ್ಗೆ ಅಲ್ಲಿ ಬಾಯಿಬಿಟ್ಟರೆ ಮಧ್ಯಾಹ್ನದೊಳಗೆ ರಾಮನಗರದ ಸಾಹುಕಾರರಿಗೆ ಸುದ್ದಿ ಮುಟ್ಟಿ, ಇರುವ ಕೆಲಸವೂ ಹೋದೀತು.

ತಿಂಗಳಿಗೊಮ್ಮೆ ಸಾಹುಕಾರರ ಕಾರಿನಲ್ಲಿ ಶಿಡ್ಲಘಟ್ಟಕ್ಕೇ ಬಂದು, ಮಗಳ ಸ್ಕೂಲಿನ ಮುಂದೆಯೇ ಹಾದು, ನೂಲು ನೋಡಿ ಹಿಂದಿರುಗುತ್ತಿದ್ದಳು.

“ಅಮ್ಮಾ, ನನ್ನ ಎಸ್ಸೆಸ್ಸೆಲ್ಸಿಗೆ ಬರ್ತೀಯೋ, ಮದುವೆಗೇ ಬರ್ತೀಯೋ?” ಎಂದು ಮಗಳು ಫೋನಿನಲ್ಲಿ ಚುಚ್ಚಿದಳು.

“ಬರ್ತೀನಿ ಕಣಮ್ಮ, ಪ್ಲಾನ್ ಮಾಡ್ತಿದೀನಿ.”

ಈ ಸಲ ಸಾಹುಕಾರರ ಭಾವಮೈದುನ ರಮೇಶ್‌ಬಾಬು ಅವರ ಫಿಲೇಚರಿನಲ್ಲಿ ನೂಲಿನ ಒಂದು ಲಡಿಯನ್ನು ಬೆಳಕಿಗೆ ಹಿಡಿದಳು.

“ಎಳೆ ಒಂದೇ ಸಮ ಇಲ್ಲ ಅಣ್ಣಾ. ನೋಡೋರು ಯಾರೂ ಇಲ್ವಾ?”

“ನಿನ್ನಂಥೋರು ಎಲ್ಲಿ ಸಿಕ್ತಾರಮ್ಮ?”

ಸಾಹುಕಾರರು ಪಕ್ಕದಲ್ಲೇ ಕೂತು ಕಾಫಿ ಕುಡಿಯುತ್ತಿದ್ದರು.

“ನಾನೇ ಬರ್ತೀನಿ, ಕೆಲ್ಸ ಕೊಡಿ,” ಎಂದಳು ಶಿರೀಷಾ. ಸಾಹುಕಾರರ ಕಾಫಿಯ ಲೋಟ ಅರ್ಧದಲ್ಲೇ ನಿಂತಿತು. ಉತ್ತರಕ್ಕೆ ಕಾಯದೆ ಅವಳು ರಮೇಶ್‌ಬಾಬು ಅವರ ಲಡಿಗೆ ಎರಡನೇ ದರ್ಜೆಯ ಚೀಟಿ ಕಟ್ಟಿದಳು.